ಲಾಲ್‌ಬಾಗ್‌ನಲ್ಲಿ ಮರ ನೋಡುವ ನಡಿಗೆ: ಊರಿಂದ ಹೋಗಿ ಸೇರುವಷ್ಟು ಉಂಟಾ?

ಬಿಜೈ ಅಕ್ಕ:
ಮಗಳು ಬೆಂಗಳೂರಿನ ಜಯನಗರದಲ್ಲಿದ್ದಾಳೆ. ಫೆಬ್ರವರಿಯಲ್ಲಿ ನಾನೂ ನಮ್ಮವರೂ ಮಂಗಳೂರಿಂದ ಅಲ್ಲಿಗೆ ಹೋಗುವುದುಂಟು. ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಮರಗಳ ಬಗ್ಗೆ ಹೇಳುತ್ತಾ ಸುತ್ತಿಸುತ್ತಾರಂತೆ, ನಿಮ್ಮ ಹೆಸರು ಕೊಡಲಾ ಅಂತ ಕೇಳುತ್ತಿದ್ದಾಳೆ. ನನಗೆ ಆಸೆ. ನಮ್ಮವರು ಮಾತ್ರ "ಹಿತ್ತಿಲಲ್ಲಿ ಹಲಸು, ಮಾವು, ಪುನರ್ಪುಳಿ ಎಲ್ಲ ಉಂಟಲ್ಲ, ಬೆಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಮರ ನೋಡುವುದಾ?" ಅಂತ ನಗಾಡುತ್ತಾರೆ. ಅವರಿಗೆ ಮೊಣಕಾಲು ನೋವು ಬೇರೆ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಕದ್ರಿಗುಡ್ಡೆ:
ಅಕ್ಕ, ಹೆಸರು ಕೊಡಿ. ನಾನು ಕೆಲಸದ ಮೇಲೆ ಬಹಳ ವರ್ಷ ಬೆಂಗಳೂರಲ್ಲಿದ್ದವ, ಈಗ ಕದ್ರಿಯಲ್ಲಿ ಮನೆ. ಇಂಥ ನಡಿಗೆಗೆ ಸೇರಿದ್ದೂ ಉಂಟು, ಊರಿಂದ ಬಂದ ನೆಂಟರನ್ನು ನಾನೇ ಸುತ್ತಿಸಿದ್ದೂ ಉಂಟು.

ಭಾವನವರು ಹೇಳಿದ್ದು ಅರ್ಧ ಸರಿ. ಹಲಸು, ಮಾವು ನೋಡಲು ಘಟ್ಟ ಹತ್ತುವುದು ಬೇಡ. ಆದರೆ ಲಾಲ್‌ಬಾಗ್ ತಾನಾಗಿ ಬೆಳೆದ ಕಾಡಲ್ಲ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ್ದು. ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿದ. ಆಮೇಲೆ ಇಂಗ್ಲೆಂಡಿನ ಕ್ಯೂ ಎಂಬ ಸಸ್ಯತೋಟದಿಂದ ಜಾನ್ ಕ್ಯಾಮರನ್ ಲಾಲ್‌ಬಾಗ್ ನೋಡಿಕೊಳ್ಳಲು ಬಂದರು. 1889ರ ಗಾಜಿನ ಮನೆ ಅವರ ಕಾಲದ್ದು. ನೀವು ಕೊದ್ದೆಲಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದದ್ದೂ ಅವರೇ ಅಂತ ಹೇಳುತ್ತಾರೆ. ಅಲ್ಲಿ ಒಂದೊಂದು ಮರಕ್ಕೂ ಒಂದು ಊರುಂಟು, ಬಂದ ದಾರಿಯುಂಟು. ಅದು ಗೊತ್ತಿದ್ದವರು ಜೊತೆಗಿದ್ದರೆ ಮಜಾ. ಇಲ್ಲದಿದ್ದರೆ ನೆರಳಲ್ಲಿ ಒಂದು ಸುತ್ತು ಹಾಕಿ, ನೆಲಗಡಲೆ ತಿಂದು ಬರುವುದು, ಅಷ್ಟೇ.

ನಾಗಲಿಂಗ ಮರವನ್ನೇ ನೋಡಿ. ನಮ್ಮ ದೇವಸ್ಥಾನಗಳ ಹತ್ತಿರವೂ ಕಾಣುತ್ತೇವೆ, ಇಲ್ಲಿಯದೇ ಅಂದುಕೊಂಡಿರುತ್ತೇವೆ. ಅದು ದಕ್ಷಿಣ ಅಮೆರಿಕದ್ದು! ಬಿದ್ದ ಹೂ ಒಂದನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಳ್ಳಿ. ನಡುವಿನ ಲಿಂಗದ ಸುತ್ತ ಗಿಡ್ಡ ಕೇಸರಗಳ ಒಂದು ಉಂಗುರ, ಅದರ ಮೇಲೆ ಬಾಗಿದ ಹೆಡೆ. ಹೆಡೆಯಲ್ಲಿರುವುದೂ ಕೇಸರಗಳೇ. ಆದರೆ ಆ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಅದು ಬರುವ ಜೇನ್ನೊಣಕ್ಕೆ ಇಟ್ಟ ಊಟ. ಜೇನ್ನೊಣ ಹೆಡೆಯ ಸಂದಿಗೆ ನುಗ್ಗಿ ತಿನ್ನುವಾಗ ಉಂಗುರದ ಪರಾಗ ಮೈಗೆ ಮೆತ್ತುತ್ತದೆ, ಅದೇ ಮುಂದಿನ ಹೂವಿಗೆ ಹೋಗುತ್ತದೆ. ಎಷ್ಟು ವರ್ಷ ಆ ಹೂವನ್ನು ದೇವರಿಗೆ ಇಟ್ಟಿದ್ದೇನೆ, ಒಳಗೆ ಎರಡು ಥರದ ಕೇಸರ ಇದೆ ಅಂತ ಯಾರೂ ಹೇಳಿರಲಿಲ್ಲ. ಒಡೆದು ಬಿದ್ದ ಕಾಯಿಯ ಹತ್ತಿರ ಮಾತ್ರ ನಿಲ್ಲಬೇಡಿ, ನಾತ.

ಆಮೇಲೆ ಆ ದೊಡ್ಡ ಬಿಳಿ ಬೂರುಗದ ಮರ. ಬುಡದ ಬೇರುಗಳು ಹಲಗೆ ನಿಲ್ಲಿಸಿದ ಹಾಗೆ ಎದ್ದಿವೆ. ಸಂದಿನಲ್ಲಿ ಆಳು ನಿಂತರೆ ಆಚೆಯವರಿಗೆ ಕಾಣುವುದಿಲ್ಲ. ಅಷ್ಟೆತ್ತರದ ಮರ ಗಾಳಿಗೆ ಮಗುಚದ ಹಾಗೆ ಹಿಡಿದಿರುವುದು ಅವೇ.

ಸೇರುವ ಮೊದಲು ಇಷ್ಟು ಕೇಳಿಸಿ: ಎಷ್ಟು ಜನ ಇರುತ್ತಾರೆ, ಎಷ್ಟು ಹೊತ್ತು, ನಡುವೆ ಕೂರಲು ಬಿಡುತ್ತಾರಾ. ಲ್ಯಾಟಿನ್ ಹೆಸರು ಹೇಳುತ್ತಾ ಓಡಿಸುವವರೂ ಇದ್ದಾರೆ. ಬೋರ್ಡು ಓದಲು ನಮಗೂ ಬರುತ್ತದೆ ಮಾರಾಯ್ರೆ. ಹತ್ತು ಮರದ ಹತ್ತಿರ ನಿಲ್ಲಿಸಿ, ಮುಟ್ಟಿಸಿ ಮಾತಾಡುವವರು ಬೇಕು.

ಉಡುಪಿ ಪೇಟೆ:
ಫೆಬ್ರವರಿ ಒಳ್ಳೆಯದು. ಗಣರಾಜ್ಯೋತ್ಸವದ ಹೊತ್ತಿನ ಫ್ಲವರ್ ಶೋ ಮುಗಿದಿರುತ್ತದೆ. ಅದರ ಗದ್ದಲದಲ್ಲಿ ಜನರ ಬೆನ್ನು ಕಾಣುತ್ತದೆ, ಮರ ಕಾಣುವುದಿಲ್ಲ. ಒಂದರ ನಂತರ ಒಂದು ಹೂ ಬಿಡುವ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದ್ದು ಕ್ರುಂಬಿಗಲ್ ಎಂಬ ಜರ್ಮನ್ನರು. 1908ರಿಂದ ಲಾಲ್‌ಬಾಗ್ ನೋಡಿಕೊಂಡವರು. ಮಗಳ ಮನೆಯ ದಾರಿಯಲ್ಲೂ ಮೇಲೆ ನೋಡುತ್ತಾ ಹೋಗಿ, ಗುಲಾಬಿ ಬಣ್ಣದ ಟಬೇಬುಯಾ ಸಿಕ್ಕೀತು.

ಮುಗಿದ ಮೇಲೆ ಹತ್ತಿರದಲ್ಲೇ ಎಂಟಿಆರ್ ಹೋಟೆಲು. 1924ರಲ್ಲಿ ಶುರು ಮಾಡಿದ್ದು ನಮ್ಮ ಕೋಟದ ಕಡೆಯ ಮಯ್ಯರು. ಅಣ್ಣನಿಗೆ ಮರದ ಸುದ್ದಿ ಬಿಟ್ಟು ರವೆ ಇಡ್ಲಿಯ ಸುದ್ದಿ ಹೇಳಿ ನೋಡಿ.

ವಾಮಂಜೂರು:
ನಗಾಡಿದ ಅಣ್ಣನಿಗೆ ನಂದೂ ಒಂದು ಮಾತು. ಹಿತ್ತಿಲಿನ ಮರ ನಮಗೆ ಗೊತ್ತು ಅಂತ ಜಾಸ್ತಿ ನಂಬಬಾರದು. ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ ಅಲ್ವಾ? ಕತ್ತಲಲ್ಲಿ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತರುವ ಕ್ರಮ. ಆ ಕತ್ತಲಲ್ಲಿ ಕಾಸರಕದ ತೊಗಟೆ ತಂದು ಕುಡಿದು ಜೀವಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಉಂಟು. ಹಗಲಲ್ಲಿ ನೋಡಿದರೆ ಗುರುತು ಸುಲಭ. ಹಾಲೆಯ ಎಲೆಗಳು ಒಂದೇ ಗಂಟಿನಿಂದ ಸುತ್ತಲೂ ಹರಡುತ್ತವೆ, ಹೆಚ್ಚಾಗಿ ಏಳು. ಚಿವುಟಿದರೆ ಬಿಳಿ ಹಾಲು. ಕಾಸರಕದ ಎಲೆ ಎದುರುಬದುರು ಎರಡೆರಡೇ, ಹೊಳೆಯುತ್ತದೆ, ಬುಡದಿಂದಲೇ ಉದ್ದಕ್ಕೆ ನರಗಳು ಹೊರಡುತ್ತವೆ, ಹಾಲು ಬರುವುದಿಲ್ಲ. ಗೊತ್ತಿದ್ದವರು ಹಿಂದಿನ ದಿನ ಹಗಲಲ್ಲೇ ಮರಕ್ಕೆ ಗುರುತು ಮಾಡಿ ಬರುತ್ತಾರೆ. ಸುಮ್ನೆ ಎಲೆ ನೋಡಿದೆ ಅಂತ ಹೊಸಬರು ತರಲು ಹೋಗಬೇಡಿ, ಹಿರಿಯರನ್ನು ಕರೆದುಕೊಂಡು ಹೋಗಿ. ಕದ್ರಿಯಲ್ಲೋ ಪಿಲಿಕುಳದಲ್ಲೋ ಇದನ್ನು ತೋರಿಸುವ ನಡಿಗೆ ಮಾಡಿದರೆ ನಾನಂತೂ ದುಡ್ಡು ಕೊಟ್ಟು ಬರುತ್ತೇನೆ.

ಬಿಜೈ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಇಬ್ಬರ ಹೆಸರೂ ಕೊಡಲು ಹೇಳಿದ್ದೇನೆ. ರವೆ ಇಡ್ಲಿಯೇ ಕೆಲಸ ಮಾಡಿದ್ದು. ಲಾಲ್‌ಬಾಗ್ ಒಳಗೆ ಒಂದು ದೊಡ್ಡ ಬಂಡೆ ಉಂಟಲ್ಲ, ಅದನ್ನು ಹತ್ತಲೇಬೇಕಾ?

ಕದ್ರಿಗುಡ್ಡೆ:
ಏನೂ ಬೇಡ. 300 ಕೋಟಿ ವರ್ಷದಿಂದ ಇರುವ ಬಂಡೆ, ಬುಡದಲ್ಲಿ ನಿಂತು ನೋಡಿದರೂ ಅದೇ ಬಂಡೆ. 240 ಎಕರೆ ಪೂರ್ತಿ ಸುತ್ತುವ ಹಟವೂ ಬೇಡ. ಜಯನಗರದಿಂದ ಮೆಟ್ರೊದಲ್ಲಿ ಎರಡನೇ ಸ್ಟೇಷನ್. ಯಾವ ಗೇಟಿನಲ್ಲಿ ಸೇರುವುದು ಅಂತ ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ, ಗೇಟು ನಾಲ್ಕುಂಟು. ತಪ್ಪಿದರೆ ಭಾವನವರ ಮೊಣಕಾಲು ಅಲ್ಲೇ ಮುಗಿಯಿತು.