ಕ್ಯಾರವಾನ್‌ನಲ್ಲಿ ಎಸಿ ಹಾಕಿ ನಾಯಿಯನ್ನು ಬಿಟ್ಟು ಹೋಗಬಹುದೇ?

ವಿದ್ಯಾನಗರವಾಸಿ (ಹುಬ್ಬಳ್ಳಿ)
ಮೇ ತಿಂಗಳಲ್ಲಿ ಬಾಡಿಗೆ ಕ್ಯಾರವಾನ್ (ಒಳಗೇ ಉಳಿಯಬಹುದಾದ ಮನೆಯಂಥ ವಾಹನ) ಹಿಡಿದು ಗದಗ, ಕೊಪ್ಪಳದ ಮೇಲೆ ಹಂಪಿಗೆ, ಅಲ್ಲಿಂದ ಮರಳಿ ಯಲ್ಲಾಪುರದ ಮೇಲೆ ಗೋಕರ್ಣಕ್ಕೆ ಹೋಗುವ ಯೋಚನೆ ಇದೆ. ಅತ್ತೆಯವರು, ಮಕ್ಕಳು, ಪಗ್ ಜಾತಿಯ ನಮ್ಮ ಗುಂಡ, ಜತೆಗೆ ಒಂದು ಬೆಕ್ಕು. ನಾಯಿಯನ್ನು ಸ್ಮಾರಕಗಳ ಒಳಗೆ ಬಿಡುವುದಿಲ್ಲ. ವಿಠ್ಠಲ ದೇವಸ್ಥಾನ ನೋಡಿ ಬರುವ ಎರಡು ತಾಸು ಎಸಿ ಹಾಕಿ ಎರಡನ್ನೂ ಒಳಗೇ ಬಿಡಬಹುದೇ? ಎಂಜಿನ್ ಬಂದ್ ಮಾಡಿದರೂ ಬ್ಯಾಟರಿಯ ಮೇಲೆ ಎಸಿ ನಡೆಯುತ್ತದೆ ಎಂದು ವಾಹನದವರು ಹೇಳುತ್ತಾರೆ.

ಕಪ್ಪತಗುಡ್ಡದ ಗಾಳಿ (ಗದಗ)
ಬೇಡ. ಅದೂ ಪಗ್! ಮೂತಿ ಚಪ್ಪಟೆಯಾದ ನಾಯಿಗೆ ತೇಕುವುದೇ ಕಷ್ಟ, ತೇಕದೆ ನಾಯಿಯ ಮೈ ತಣಿಯುವುದಿಲ್ಲ. ಹುಬ್ಬಳ್ಳಿಯ ಬಿಸಿಲನ್ನು ನೋಡಿ ಹೊಸಪೇಟೆ ಕಡೆಯ ಬಿಸಿಲನ್ನು ಅಳೆಯಬೇಡಿ. ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿಯ ಆಸುಪಾಸು ಇರುತ್ತದೆ.

ಮಾಳಮಡ್ಡಿ ಅಕ್ಕ (ಧಾರವಾಡ)
‘ಬೇಡ’ ಎನ್ನುವುದು ಸುಲಭ. ಪ್ರಾಣಿ ಸಾಕಿದವರು ಊರು ಬಿಟ್ಟು ಹೋಗಲೇಬಾರದೇ? ನಮ್ಮದು ವಯಸ್ಸಾದ ಲ್ಯಾಬ್ರಡಾರ್, ವ್ಯಾನಿನಲ್ಲಿ ಎಷ್ಟೋ ಊರು ಸುತ್ತಿದೆ. ಸಿಮ್ ಹಾಕುವ ತಾಪಮಾಪಕ ಸಿಗುತ್ತದೆ, ಒಳಗಿನ ಬಿಸಿ ಏರಿದರೆ ಮೊಬೈಲಿಗೆ ಸಂದೇಶ ಬರುತ್ತದೆ. ಗಾಜುಗಳಿಗೆ ಬೆಳ್ಳಿ ಬಣ್ಣದ ಹಾಳೆಯನ್ನು ಹೊರಗಿನಿಂದ ಕಟ್ಟುತ್ತೇವೆ. ಒಳಗಿನಿಂದ ಕಟ್ಟಿದರೆ ಶಾಖ ಆಗಲೇ ಗಾಜು ದಾಟಿ ಒಳಗೆ ಬಂದಿರುತ್ತದೆ. ಇಷ್ಟೆಲ್ಲ ಮಾಡಿಕೊಂಡು ಅರ್ಧ ತಾಸು ಬಿಟ್ಟು ಹೋಗುವುದು ಅಪರಾಧವಲ್ಲ.

ಗೋಕುಲ ರಸ್ತೆ ವೈರಿಂಗ್
ಲೆಕ್ಕ ಹಾಕೋಣ ಬನ್ನಿ. ಒಂದು ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು 1 ಕಿಲೋವ್ಯಾಟ್ ಎಳೆಯುತ್ತದೆ, ಅಂದರೆ ತಾಸಿಗೆ ಒಂದು ಯೂನಿಟ್. 12 ವೋಲ್ಟ್, 200 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 2.4 ಯೂನಿಟ್. ಇನ್ವರ್ಟರ್ ತಿನ್ನುವುದನ್ನು ಕಳೆದರೆ ಎರಡು ತಾಸು, ಅದೂ ಬ್ಯಾಟರಿ ಪೂರ್ತಿ ತುಂಬಿದ್ದರೆ. ಹಳೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹಾಗಾಗಿ ಅದರಲ್ಲಿ ಒಂದೇ ತಾಸು. ತೆಳು ತಗಡಿನ ಗಾಡಿ ಬಿಸಿಲಲ್ಲಿ ನಿಂತರೆ ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ. ಚಾವಣಿಯ ಮೇಲೆ ಸೌರ ಫಲಕ ಇದೆಯಲ್ಲ ಎನ್ನುತ್ತಾರೆ ಕೆಲವರು. ಫಲಕಕ್ಕೆ ಬಿಸಿಲು ಬೇಕು, ನಾಯಿಗೆ ನೆರಳು ಬೇಕು. ಗಾಡಿ ಎಲ್ಲಿ ನಿಲ್ಲಿಸುತ್ತೀರಿ?

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಂಪ್ರೆಸರ್‌ಗೂ ಇನ್ವರ್ಟರ್‌ಗೂ ಅತಿಯಾಗಿ ಕಾದಾಗ ತಾವಾಗಿ ನಿಲ್ಲುವ ವ್ಯವಸ್ಥೆ ಇರುತ್ತದೆ. ಅಂದರೆ ಎಸಿ ಕೈಕೊಡುವ ಸಂಭವ ಹೆಚ್ಚಿರುವುದೇ ಅದು ಅತ್ಯಂತ ಬೇಕಾದ ಮಧ್ಯಾಹ್ನದ ಹೊತ್ತಿನಲ್ಲಿ.

ಹಾವೇರಿ ಹುಡುಗ
ಹೋಟೆಲಿನ ಅಂಗಳದಲ್ಲಿ ನಿಲ್ಲಿಸಿ ಅವರ ಪ್ಲಗ್‌ಗೆ ವೈರ್ ಸಿಕ್ಕಿಸಿದರೆ ಬ್ಯಾಟರಿಯ ಗೊಡವೆಯೇ ಇಲ್ಲವಲ್ಲ?

ಗೋಕುಲ ರಸ್ತೆ ವೈರಿಂಗ್
ತಮ್ಮಾ, ಕರೆಂಟ್ ಹೋಗಿ ಬಂದಾಗ ಕೆಲವು ಎಸಿಗಳು ತಾವಾಗಿ ಮತ್ತೆ ಶುರುವಾಗುವುದಿಲ್ಲ, ರಿಮೋಟ್ ಒತ್ತಲೇಬೇಕು. ಗಾಡಿ ಬಾಡಿಗೆಗೆ ಪಡೆಯುವ ದಿನವೇ ಮೇನ್ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಬೇಕು. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಬೇಡ, 16 ಆಂಪಿಯರ್‌ನದೇ ಬೇಕು. ಜನರೇಟರ್ ಇದ್ದರೆ ಅದರ ಹೊಗೆ ತೆರೆದ ಕಿಟಕಿಯಿಂದ ಒಳಗೆ ಬಾರದಂತೆ ಇಡಬೇಕು, ಅದರಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ.

ಬೇಟೆನಾಯಿ ಅಭಿಮಾನಿ (ರಾಣೆಬೆನ್ನೂರು)
ಎಸಿ, ಸಿಮ್ಮು, ಸೌರ ಫಲಕ! ನಮ್ಮ ಹೊಲದಲ್ಲಿ ಮುಧೋಳ ನಾಯಿ ಏಪ್ರಿಲ್ ಬಿಸಿಲಲ್ಲೂ ಬೇವಿನ ಗಿಡದ ಕೆಳಗೆ ಆರಾಮವಾಗಿ ಇರುತ್ತದೆ. ನೀವೇ ಅವನ್ನು ನಾಜೂಕು ಮಾಡಿದ್ದೀರಿ.

ಪಶುವೈದ್ಯ ಓದುಗ (ಗದಗ)
ಮುಧೋಳ ನಾಯಿಯದು ಉದ್ದ ಮೂತಿ, ಗಿಡ್ಡ ಕೂದಲು, ಬಳುಕುವ ಮೈ. ಮೇಲಾಗಿ ಅದು ಬೇವಿನ ಗಿಡದ ಕೆಳಗಿದೆ. ಅದನ್ನೇ ಮುಚ್ಚಿದ ಕಾರಿನಲ್ಲಿ ಕೂರಿಸಿದರೆ ಉಳಿಯುವುದಿಲ್ಲ, ಸರ್. ಹೊರಗೆ 35 ಡಿಗ್ರಿ ಇದ್ದರೆ ಹತ್ತು ನಿಮಿಷದಲ್ಲಿ ಕಾರಿನ ಒಳಗೆ ಸುಮಾರು 45, ಅರ್ಧ ತಾಸಿನಲ್ಲಿ 50 ದಾಟುತ್ತದೆ. ಗಾಜನ್ನು ಎರಡು ಬೆರಳು ಇಳಿಸಿದರೂ ಹೆಚ್ಚಿನ ವ್ಯತ್ಯಾಸ ಆಗುವುದಿಲ್ಲ. ನಾಯಿಯ ಸಹಜ ದೇಹತಾಪ 38.3ರಿಂದ 39.2 ಡಿಗ್ರಿ. 41 ದಾಟಿತೆಂದರೆ ಒಳಗಿನ ಅಂಗಾಂಗಗಳಿಗೇ ಪೆಟ್ಟು.

ಗಮನಿಸಬೇಕಾದ್ದು: ಗಂಟಲಿನ ಸದ್ದು ಜೋರಾಗುವುದು, ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುವುದು, ಒಸಡು ಕಡುಗೆಂಪಾಗುವುದು, ಕಾಲು ತಡವರಿಸುವುದು. ಆಗ ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ. ಐಸ್ ಹುಡುಕುತ್ತ ಹೊತ್ತು ಕಳೆಯಬೇಡಿ. ಕೊಡದಲ್ಲಿರುವ ನೀರನ್ನೇ ಹೊಟ್ಟೆ, ತೊಡೆಸಂದು, ಪಾದಗಳ ಮೇಲೆ ಹೊಯ್ಯುತ್ತ ಫ್ಯಾನ್ ಹಿಡಿಯಿರಿ. ಒದ್ದೆ ಟವೆಲ್ ಹೊದೆಸಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಸುರಿದರೆ ಶ್ವಾಸಕೋಶಕ್ಕೆ ಹೋದೀತು. ನಿಮ್ಮ ದಾರಿಯಲ್ಲೇ ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯ ಇದೆ, ನೆನಪಿರಲಿ. ಬೆಕ್ಕಿನ ಬಗ್ಗೆ ಒಂದೇ ಮಾತು: ಬೆಕ್ಕು ನಾಯಿಯಂತೆ ಬಾಯಿ ತೆರೆದು ತೇಕತೊಡಗಿದರೆ ಅದು ಆಗಲೇ ಅಪಾಯದಲ್ಲಿದೆ.

ಮಾಳಮಡ್ಡಿ ಅಕ್ಕ (ಧಾರವಾಡ)
ಡಾಕ್ಟರೇ, ಬೇಸಿಗೆಗೆ ಮೈ ಬೋಳಿಸುವುದರ ಬಗ್ಗೆ ಏನು ಹೇಳುತ್ತೀರಿ? ನಮ್ಮ ಓಣಿಯಲ್ಲಿ ಪೊಮೆರೇನಿಯನ್‌ಗಳನ್ನೆಲ್ಲ ಬೋಳಿಸಿಬಿಟ್ಟಿದ್ದಾರೆ.

ಪಶುವೈದ್ಯ ಓದುಗ (ಗದಗ)
ಎರಡು ಪದರ ಕೂದಲಿನ ನಾಯಿಗಳನ್ನು ಬೋಳಿಸಬಾರದು, ಚರ್ಮಕ್ಕೆ ನೇರ ಬಿಸಿಲು ಬಡಿಯುತ್ತದೆ. ಬಾಚಿ ಉದುರುವ ಕೂದಲು ತೆಗೆದರೆ ಸಾಕು.

ಕಪ್ಪತಗುಡ್ಡದ ಗಾಳಿ (ಗದಗ)
ಅಕ್ಕ, ಸಿಮ್ಮಿನ ಸಂದೇಶ ಬಂತು ಎಂದೇ ಇಟ್ಟುಕೊಳ್ಳಿ. ವಿಠ್ಠಲ ದೇವಸ್ಥಾನದ ಬಾಗಿಲವರೆಗೆ ನಮ್ಮ ವಾಹನ ಬಿಡುವುದಿಲ್ಲ. ದೂರದಲ್ಲಿ ನಿಲ್ಲಿಸಿ ಬ್ಯಾಟರಿ ವಾಹನಕ್ಕೆ ಸರದಿ ನಿಂತು ಹೋಗಬೇಕು, ಹಾಗೆಯೇ ಬರಬೇಕು. ನೀವು ಓಡಿ ಬರುವಷ್ಟರಲ್ಲಿ ನಾಯಿಯ ಕಥೆ ಮುಗಿದಿರುತ್ತದೆ. ಯಲ್ಲಾಪುರ ದಾಟಿದ ಮೇಲೆ ಸಿಗುವ ಅರಬೈಲ್ ಘಟ್ಟದಲ್ಲಿ ನೆಟ್‌ವರ್ಕ್ ಹೋದರೆ ಸಂದೇಶವೂ ಇಲ್ಲ.

ಮಾಳಮಡ್ಡಿ ಅಕ್ಕ (ಧಾರವಾಡ)
ಓಡಿ ಹೋಗಿ ಬಾಗಿಲು ತೆರೆಯುವಷ್ಟು ಹತ್ತಿರದಲ್ಲಿ ಇದ್ದರೆ ಮಾತ್ರ ಎಂದು ನನ್ನ ಮಾತನ್ನು ತಿದ್ದಿ ಓದಿಕೊಳ್ಳಿ. ಊಟದ ಹೋಟೆಲಿನ ಕಿಟಕಿಯಿಂದ ಗಾಡಿ ಕಾಣುತ್ತಿರಬೇಕು. ಹಂಪಿಗೆ ಅದು ಹೊಂದುವುದಿಲ್ಲ, ಒಪ್ಪಿದೆ. ಆದರೆ ನಿಮ್ಮ ‘ಬೇಡ’ವನ್ನು ಎಲ್ಲ ಊರಿಗೂ ಒಪ್ಪಲಾರೆ.

ಹಾವೇರಿ ಹುಡುಗ
ಎಸಿ ಬದಲು ಸಣ್ಣ ಏರ್ ಕೂಲರ್ ಇಟ್ಟರೆ? ಕರೆಂಟ್ ಕಡಿಮೆ ತಿನ್ನುತ್ತದೆ.

ಗೋಕುಲ ರಸ್ತೆ ವೈರಿಂಗ್
ಗದಗ, ಕೊಪ್ಪಳದ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಆದರೆ ಕಿಟಕಿ ತೆರೆದಿರಬೇಕು. ಘಟ್ಟ ಇಳಿದ ಮೇಲೆ ಅದು ಬರೀ ಫ್ಯಾನ್. ಗೋಕರ್ಣದ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಕೂಲರ್‌ನ ನೀರು ಆರುವುದೆಲ್ಲಿ?

ಪಶುವೈದ್ಯ ಓದುಗ (ಗದಗ)
ನಾಯಿಯ ನಾಲಿಗೆಗೂ ಇದೇ ಮಾತು ಅನ್ವಯ. ತೇಕಿದಾಗ ನಾಲಿಗೆಯ ತೇವ ಆರಿದರೆ ಮಾತ್ರ ತಂಪು. ಆದ್ದರಿಂದ ಗೋಕರ್ಣದ 33 ಡಿಗ್ರಿ ಪಗ್‌ಗೆ ಗದಗಿನ 37 ಡಿಗ್ರಿಗಿಂತ ಕೆಟ್ಟದ್ದಾಗಬಹುದು. ‘ಸಮುದ್ರದ ದಂಡೆ ತಂಪು’ ಎಂದು ಮಧ್ಯಾಹ್ನ ಮರಳಿನ ಮೇಲೆ ಆಡಿಸಬೇಡಿ. ಮರಳಾಗಲಿ ಡಾಂಬರಾಗಲಿ, ಅಂಗೈ ಹಿಂಭಾಗವನ್ನು ಏಳು ಸೆಕೆಂಡ್ ಇಡಲಾಗದಿದ್ದರೆ ಪಾದವನ್ನೂ ಇಡಿಸಬಾರದು.

ವಿದ್ಯಾನಗರವಾಸಿ (ಹುಬ್ಬಳ್ಳಿ)
ಎಲ್ಲರಿಗೂ ಧನ್ಯವಾದ. ವಾಹನದವರಿಗೆ ಫೋನ್ ಮಾಡಿದೆ: ಬ್ಯಾಟರಿ ಸೀಸದ್ದು, ‘ಎಷ್ಟು ತಾಸು ನಡೆಯುತ್ತದೆ’ ಎಂದರೆ ‘ನೋಡಬೇಕು ಸರ್’ ಎಂಬ ಉತ್ತರ! ಬೆಳಗಿನ ಜಾವ ನಾಲ್ಕಕ್ಕೇ ಹುಬ್ಬಳ್ಳಿ ಬಿಡುತ್ತೇವೆ. ಹಂಪಿಯಲ್ಲಿ ಬೆಳಗ್ಗೆ, ಸಂಜೆ ಎರಡು ತಂಡವಾಗಿ ನೋಡುತ್ತೇವೆ, ಮಧ್ಯಾಹ್ನ ಎಲ್ಲರೂ ಹೊಸಪೇಟೆಯ ಕೋಣೆಯಲ್ಲಿ. ಬೆಕ್ಕನ್ನು ತಂಗಿಯ ಮನೆಯಲ್ಲಿ ಬಿಡುತ್ತೇವೆ. ಅತ್ತೆಯವರು ‘ಕಲ್ಲು ನೋಡಿ ನೋಡಿ ಸಾಕಾಗಿದೆ, ಗುಂಡನ ಹತ್ತಿರ ನಾನೇ ಇರುತ್ತೇನೆ’ ಎನ್ನುತ್ತಿದ್ದಾರೆ.

ಕಪ್ಪತಗುಡ್ಡದ ಗಾಳಿ (ಗದಗ)
ಅತ್ತೆಯವರನ್ನೂ ಮಧ್ಯಾಹ್ನ ಗಾಡಿಯಲ್ಲಿ ಕೂರಿಸಬೇಡಿ ಮತ್ತೆ. ಒಂದು ಕೊಡ ನೀರು, ಕೈಬೀಸಣಿಗೆ, ನಿಮ್ಮ ಮೊಬೈಲ್ ನಂಬರ್ ಅವರ ಹತ್ತಿರ ಇರಲಿ. ಗಾಡಿಯ ಕೀಲಿಯೂ ಅವರ ಕೈಯಲ್ಲೇ ಇರಬೇಕು.