ನಾನೇ ತೆಗೆದ ಒಲಿಂಪಿಕ್ಸ್ ಚಿತ್ರಗಳನ್ನು ಮಾರುವಂತಿಲ್ಲವೇ?

ಪ್ರಶ್ನೆ:
2012ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಿದ್ದಾಗ ಗ್ಯಾಲರಿಯಲ್ಲಿ ಕುಳಿತು ತೆಗೆದ ನೂರಾರು ಚಿತ್ರಗಳು ನನ್ನ ಬಳಿ ಇವೆ. ಅವುಗಳಲ್ಲಿ ಕೆಲವನ್ನು ಆರಿಸಿ ಪುಸ್ತಕವಾಗಿ ಮಾರಬೇಕೆಂದು ಹೊರಟವನು ಟಿಕೆಟ್ಟಿನ ಷರತ್ತುಗಳನ್ನು ಈಗ ಪೂರ್ತಿಯಾಗಿ ಓದಿದೆ. ಚಿತ್ರಗಳನ್ನು ಖಾಸಗಿ ಹಾಗೂ ಮನೆಬಳಕೆಗೆ ಮಾತ್ರ ಉಪಯೋಗಿಸಬೇಕು, ವಿಡಿಯೊ ಮತ್ತು ಧ್ವನಿಮುದ್ರಣಗಳನ್ನು ಸಾಮಾಜಿಕ ಜಾಲತಾಣಗಳಲ್ಲಿಯೂ ಹಾಕಕೂಡದು ಎಂದು ಅದರಲ್ಲಿದೆ. ಹಣ ಕೊಟ್ಟು ಒಳಗೆ ಹೋಗಿ ನನ್ನದೇ ಕ್ಯಾಮೆರಾದಲ್ಲಿ ತೆಗೆದ ಚಿತ್ರದ ಮೇಲೆ ಆಯೋಜಕರಿಗೆ ಈ ಅಧಿಕಾರ ಎಲ್ಲಿಂದ ಬಂತು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಚಿತ್ರದ ಕೃತಿಸ್ವಾಮ್ಯ ಸಾಮಾನ್ಯವಾಗಿ ಅದನ್ನು ತೆಗೆದವರದೇ. ತಮ್ಮನ್ನು ಕಟ್ಟಿಹಾಕಿರುವುದು ಕೃತಿಸ್ವಾಮ್ಯವಲ್ಲ, ಟಿಕೆಟ್ ಎಂಬ ಕರಾರು. ಆಟದ ನೋಟಕ್ಕೇ ಒಡೆತನವುಂಟೇ ಎಂಬ ಪ್ರಶ್ನೆ ಬಹಳ ಹಳೆಯದು. ಸಿಡ್ನಿಯ ಕುದುರೆ ರೇಸಿನ ಮೈದಾನವೊಂದರ ಸಮೀಪದ ನಿವಾಸಿಯೊಬ್ಬ ತನ್ನ ಜಾಗದಲ್ಲಿ ಎತ್ತರದ ಅಟ್ಟಣಿಗೆ ಕಟ್ಟಿಸಿದ. ಅದರ ಮೇಲಿನಿಂದ ಬೇಲಿಯಾಚೆಯ ರೇಸನ್ನು ನೋಡುತ್ತಾ ರೇಡಿಯೊ ಕೇಂದ್ರವೊಂದು ವೀಕ್ಷಕ ವಿವರಣೆಯನ್ನು ಬಿತ್ತರಿಸಿತು. ಬರುವ ಜನ ಕಡಿಮೆಯಾದರೆಂದು ಮೈದಾನದ ಒಡೆಯರು ದಾವೆ ಹೂಡಿದಾಗ, ನೋಟದ ಮೇಲೆ ಆಸ್ತಿಹಕ್ಕಿಲ್ಲವೆಂದು ಆಸ್ಟ್ರೇಲಿಯದ ಹೈಕೋರ್ಟ್ (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) 1937ರಲ್ಲಿ ತೀರ್ಪಿತ್ತಿತು. ಫುಟ್‌ಬಾಲ್ ಪಂದ್ಯವನ್ನು ಕೃತಿಸ್ವಾಮ್ಯಕ್ಕೆ ಒಳಪಡುವ ಕೃತಿಯೆಂದು ಪರಿಗಣಿಸಲಾಗದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2011ರಲ್ಲಿ ಹೇಳಿದೆ. ಹೀಗೆ ಕಾನೂನು ನೇರವಾಗಿ ಕೊಡದ ಹಕ್ಕನ್ನು ಆಯೋಜಕರು ಗೇಟಿನಲ್ಲಿ ಷರತ್ತಿನ ಮೂಲಕ ಪಡೆಯುತ್ತಾರೆ, ಏಕೆಂದರೆ ಪ್ರಸಾರಕರಿಗೂ ಪ್ರಾಯೋಜಕರಿಗೂ ಅವರು ಮಾರುವುದು ‘ಇದು ಬೇರೆ ಯಾರಿಗೂ ಸಿಗದು’ ಎಂಬ ಭರವಸೆಯನ್ನೇ. ಪುಸ್ತಕಕ್ಕೆ ಮುನ್ನ ವಕೀಲರನ್ನು ಕಾಣಿ. ಮುಖಪುಟದಲ್ಲಿ ಐದು ಉಂಗುರಗಳಂತೂ ಬೇಡ. ಬ್ರಿಟನ್ನಿನಲ್ಲಿ ಆ ಲಾಂಛನದ ರಕ್ಷಣೆಗೆಂದೇ 1995ರ ಕಾಯಿದೆಯಿದೆ.

ಉತ್ತರ 2:
ಕರಾರಿನ ಮಾತು ಸರಿ. ಆದರೆ ಪ್ರೇಕ್ಷಕರಿಗಿಂತ ಸುದ್ದಿ ಛಾಯಾಗ್ರಾಹಕರಿಗೆ ಆಗುವ ತಡೆ ಹೆಚ್ಚು ಗಂಭೀರವೆಂದು ನನ್ನ ಅಭಿಪ್ರಾಯ. 2012ರ ನವೆಂಬರಿನಲ್ಲಿ ಇಂಗ್ಲೆಂಡ್ ತಂಡ ಇಲ್ಲಿಗೆ ಬಂದಾಗ ಗೆಟ್ಟಿ ಇಮೇಜಸ್‌ನಂಥ ಛಾಯಾಚಿತ್ರ ಸಂಸ್ಥೆಗಳಿಗೆ ಬಿಸಿಸಿಐ ಪ್ರವೇಶ ನಿರಾಕರಿಸಿತು. ಅದನ್ನು ಪ್ರತಿಭಟಿಸಿ ರಾಯಿಟರ್ಸ್, ಎಪಿ, ಎಎಫ್‌ಪಿ ಸುದ್ದಿಸಂಸ್ಥೆಗಳೂ ದೂರ ಉಳಿದವು. ಅಹಮದಾಬಾದಿನ ಆ ಮೊದಲ ಟೆಸ್ಟಿನಲ್ಲಿಯೇ ಪೂಜಾರ ಅಜೇಯ 206 ರನ್ ಗಳಿಸಿದ್ದು. ಅಂಥ ಇನಿಂಗ್ಸ್‌ಗೆ ಹೊರಗಿನವರ ಕ್ಯಾಮೆರಾಗಳ ಸಾಕ್ಷ್ಯ ಕಡಿಮೆಯಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ಚಿತ್ರ ತೆಗೆಯುವವರು ಯಾರೆಂಬುದನ್ನು ಆಯೋಜಕರೇ ನಿರ್ಧರಿಸಿದರೆ, ಖಾಲಿ ಗ್ಯಾಲರಿಯ ಚಿತ್ರವನ್ನು ಯಾರು ತೆಗೆದಾರು?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅಟ್ಟಣಿಗೆಯ ಪ್ರಕರಣ ಓದಿದ ಮೇಲೆ ಒಂದು ವಿಷಯ ಹೊಳೆಯಿತು. ಲಂಡನ್ನಿನ ಬೀದಿಗಳಲ್ಲಿ ನಡೆದ ಮ್ಯಾರಥಾನ್ ಓಟವನ್ನು ನಾನು ಟಿಕೆಟ್ ಇಲ್ಲದೆ, ರಸ್ತೆಯ ಬದಿಯಲ್ಲಿ ನಿಂತು ನೋಡಿದ್ದೆ. ಆ ದಿನದ ನಲವತ್ತು ಚಿತ್ರಗಳಿವೆ. ವಕೀಲರಿಗೆ ಮೊದಲು ಅವನ್ನೇ ತೋರಿಸುತ್ತೇನೆ.