ಸಹಾಯ ಬೇಕು: ತಮ್ಮನ ಫುಟ್ಬಾಲ್ ಬೆಟ್ಟಿಂಗ್ ಬಿಡಿಸಬೇಕು
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ನನ್ನ ತಮ್ಮ ಇಲ್ಲಿನ ಕೆಳಹಂತದ ಫುಟ್ಬಾಲ್ ಲೀಗ್‌ಗಳಾದ ಲೀಗ್ ಟೂ, ನ್ಯಾಷನಲ್ ಲೀಗ್ ಪಂದ್ಯಗಳ ಮೇಲೆ ದುಡ್ಡು ಕಟ್ಟುತ್ತಾನೆ. ಸಣ್ಣ ಕ್ಲಬ್‌ಗಳ ಬಗ್ಗೆ ಬೆಟ್ಟಿಂಗ್ ಕಂಪನಿಗಿಂತ ತನಗೇ ಜಾಸ್ತಿ ಗೊತ್ತು ಅನ್ನುವ ನಂಬಿಕೆ. ಐದಾರು ಪಂದ್ಯ ಸೇರಿಸಿ ಅಕ್ಯುಮುಲೇಟರ್ ಅನ್ನುವ ಒಂದೇ ಬೆಟ್ ಹಾಕುತ್ತಾನೆ. ಒಂದು ಕೈಕೊಟ್ಟರೂ ಪೂರ್ತಿ ಹಣ ಹೋಯಿತು ಅಲ್ವಾ? ಪಂದ್ಯಗಳು ಶುರುವಾಗುವ ಶನಿವಾರ ಮಧ್ಯಾಹ್ನ 3 ಗಂಟೆ ಆದರೆ ನನಗೆ ಎದೆ ಢವಢವ.

ಹೋದ ತಿಂಗಳು ಅವನೇ ಗ್ಯಾಮ್‌ಸ್ಟಾಪ್‌ನಲ್ಲಿ (ಜೂಜಿನ ಸೈಟುಗಳು ತನ್ನನ್ನು ಆಡಲು ಬಿಡದಂತೆ ತಾನೇ ಹೆಸರು ಕೊಡುವ ವ್ಯವಸ್ಥೆ) 5 ವರ್ಷಕ್ಕೆ ಹೆಸರು ಕೊಟ್ಟ. ಬ್ಯಾಂಕಿನಲ್ಲೂ ಜೂಜಿನ ಪಾವತಿ ನಿಲ್ಲಿಸಿದ್ದೇವೆ. ಆದರೆ ಗ್ಯಾಮ್‌ಸ್ಟಾಪ್ ಆನ್‌ಲೈನ್‌ಗೆ ಮಾತ್ರ. ಈಗ ನಗದು ಹಿಡಿದು ಬೆಟ್ಟಿಂಗ್ ಅಂಗಡಿಗೆ ಹೋಗುತ್ತಿದ್ದಾನೆ. ಅಂಗಡಿಗಳಲ್ಲೂ ತನ್ನನ್ನು ಸೇರಿಸಬೇಡಿ ಅಂತ ಬರೆದುಕೊಡಬಹುದು. ಯಾರಾದರೂ ಮಾಡಿಸಿದ್ದೀರಾ? ಕನ್ನಡ ಮಾತಾಡುವ ಕೌನ್ಸೆಲರ್ ಗೊತ್ತಿದ್ದರೂ ದಯವಿಟ್ಟು ಹೇಳಿ. ಬೈದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಒಳ್ಳೆಯ ಹುಡುಗ, ಕಳೆದುಕೊಳ್ಳಲು ನನಗಿಷ್ಟವಿಲ್ಲ.